ಮಧ್ಯಾಹ್ನ ಮೂರು ಗಂಟೆಯ ಪಿಕಪ್

ಕಳೆದ ಚಳಿಗಾಲದಲ್ಲಿ ಪ್ರತಿದಿನ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಾನು ಮನಸ್ಸಿನಲ್ಲಿ ಒಂದು ಡೀಸೆಲ್ ಪಿಕಪ್ ಕಟ್ಟುತ್ತಿದ್ದೆ. ಕನಸಿಗೂ ಸಮಯ ಗೊತ್ತುಮಾಡಿಕೊಂಡವನು ನಾನು. ಇಲ್ಲದಿದ್ದರೆ ಅದು ಬೆಳಗಿನ ಕೆಲಸದ ಮೇಲೂ ಬಂದು ಕೂರುತ್ತದೆ.

ಕೊಪ್ಪದಿಂದ ಶೃಂಗೇರಿಗೆ, ಕೊಪ್ಪದಿಂದ ನರಸಿಂಹರಾಜಪುರಕ್ಕೆ ಮೂವತ್ತೊಂದು ವರ್ಷ ಬಸ್ಸು ಓಡಿಸಿದ್ದೇನೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಐದೂಮುಕ್ಕಾಲಿಗೆ ಬಸ್ಸಿನ ಹತ್ತಿರ ನಿಲ್ಲುವುದು, ನೀರು, ಆಯಿಲ್, ಗಾಳಿ, ಲೈಟು ಇದೇ ಕ್ರಮದಲ್ಲಿ ನೋಡುವುದು. ಕ್ರಮ ತಪ್ಪಿದರೆ ಮೊದಲಿನಿಂದ ಮತ್ತೆ ನೋಡುವುದು. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಇವತ್ತಿಗೂ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಎದ್ದವನು ಏನನ್ನಾದರೂ ಪರೀಕ್ಷಿಸಲೇಬೇಕು. ಹೆಂಡತಿಯ ನರ್ಸರಿಯ ನೀರಿನ ಪೈಪುಗಳನ್ನು ಪರೀಕ್ಷಿಸುತ್ತೇನೆ.

ನರ್ಸರಿ ಅವಳದ್ದು. ಹರಿಹರಪುರದ ದಾರಿಯಲ್ಲಿ, ರಸ್ತೆಯ ಪಕ್ಕದಲ್ಲೇ, ಹಸಿರು ಬಲೆಯ ನೆರಳಿನಡಿ ಕಾಳುಮೆಣಸು, ಕಾಫಿ, ಅಡಿಕೆ ಗಿಡಗಳನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬೆಳೆಸುತ್ತಾಳೆ. ಗಿಡ ಬೆಳೆಸುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ, ಅವನ್ನು ಹೇಳಿದ ದಿನ, ಹೇಳಿದ ಹೊತ್ತಿಗೆ ಮುಟ್ಟಿಸುವುದು. ಯಾಕೆಂದರೆ ನಮ್ಮ ಕಡೆ ಗಿಡ ನೆಡುವುದು ಮುಯ್ಯಾಳಿನಲ್ಲಿ. ಇವತ್ತು ಅಕ್ಕಪಕ್ಕದ ಮನೆಯವರೆಲ್ಲ ನಿಮ್ಮ ತೋಟದಲ್ಲಿ ದುಡಿದರೆ, ನಾಳೆ ನಾಡಿದ್ದು ನೀವು ಅವರವರ ತೋಟದಲ್ಲಿ ದುಡಿದು ತೀರಿಸಬೇಕು. ಹೀಗೆ ಇಪ್ಪತ್ತು ಇಪ್ಪತ್ತೈದು ಜನ ಒಂದೇ ದಿನ ಸೇರುತ್ತಾರೆ. ಗುಂಡಿ ತೆಗೆದಿರುತ್ತಾರೆ, ಹದವಾದ ಮಳೆ ಬಿದ್ದಿರುತ್ತದೆ, ಗಿಡ ಎಂಟು ಗಂಟೆಗೆ ಅಲ್ಲಿರಬೇಕು. ಇಲ್ಲದಿದ್ದರೆ ಅಷ್ಟೂ ಜನರ ಒಂದು ದಿನ ಹಾಳು. ಮತ್ತೆ ಆ ಮನೆಯ ಸರದಿ ಬರುವುದು ಎಲ್ಲರ ಮನೆಯದೂ ಮುಗಿದ ಮೇಲೆ.

ಹೋದ ವರ್ಷದ ಮಳೆಗಾಲದ ಮೊದಲ ವಾರ, ಮೇಗುಂದದ ಕಡೆಯ ಒಂದು ಮನೆಯ ಇಪ್ಪತ್ತೆರಡು ಜನರ ದಿನವನ್ನು ಹಾಳು ಮಾಡಿದವನು ನಾನು.

ಆಗ ನಮ್ಮಲ್ಲಿ ಒಂದು ಹಳೆಯ ಬಿಳಿ ಪಿಕಪ್ ಇತ್ತು. ನಾನೂರು ಮೆಣಸಿನ ಗಿಡ ಹೇರಿಕೊಂಡು ಆರೂಮುಕ್ಕಾಲಿಗೆ ಹೊರಟಿದ್ದೆ. ಆ ದಾರಿಯಲ್ಲಿ ಒಂದು ಎಡ ತಿರುವಿದೆ. ತಿರುವಿನ ಮೊದಲು ಬಲಕ್ಕೆ ಭಾರಿ ಗಾತ್ರದ ಒಂದು ಧೂಪದ ಮರ. ಮರ ಕಂಡ ಕೂಡಲೇ ಎರಡನೇ ಗೇರು, ಅದರ ಬುಡಕ್ಕೆ ಬಂದಾಗ ಸ್ಟೇರಿಂಗ್ ಎಡಕ್ಕೆ. ಇದು ನನ್ನ ಕೈಗೆ ಗೊತ್ತಿದ್ದ ಪಾಠ. ಕೆಲವು ವರ್ಷಗಳಿಂದ ನನಗೆ ಎಡಗಡೆಯಿಂದ ಬರುವುದು ಸರಿಯಾಗಿ ಕಾಣುತ್ತಿರಲಿಲ್ಲ. ನೇರ ಎದುರಿಗಿರುವುದು ಚೆನ್ನಾಗಿಯೇ ಕಾಣುತ್ತಿತ್ತು. ಎಡಬದಿ ಮಾತ್ರ, ತೊಳೆಯದೆ ಬಿಟ್ಟ ಗಾಜಿನ ಹಾಗೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಕಂಡಿರಲಿಲ್ಲ, ಏಕೆಂದರೆ ಈ ಮೂರು ತಾಲ್ಲೂಕಿನ ರಸ್ತೆಗಳನ್ನು ನಾನು ಕಣ್ಣಿಗಿಂತ ಹೆಚ್ಚಾಗಿ ನೆನಪಿನಿಂದ ಓಡಿಸುತ್ತಿದ್ದೆ.

ಹಿಂದಿನ ವಾರ ರಸ್ತೆ ಅಗಲ ಮಾಡುವವರು ಆ ಧೂಪದ ಮರವನ್ನು ಕಡಿದಿದ್ದರು.

ನಾನು ಮರಕ್ಕಾಗಿ ಕಾಯುತ್ತಾ ಹೋದೆ. ಮರ ಬರಲಿಲ್ಲ. ಮರ ಬಂದಿಲ್ಲವೆಂದರೆ ತಿರುವು ಇನ್ನೂ ಮುಂದಿದೆ ಎಂದು ನಂಬಿದ್ದೆ. ನಂಬಿದ್ದಾಗಲೇ ಗಾಡಿಯ ಮೂತಿ ಚರಂಡಿಗೆ ಇಳಿಯಿತು. ವೇಗವಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಗಿಡಗಳೆಲ್ಲ ಒಂದರ ಮೇಲೊಂದು ಮಗುಚಿಕೊಂಡವು. ಅರ್ಧಕ್ಕರ್ಧ ಬಳ್ಳಿಗಳ ಕುಡಿ ಮುರಿಯಿತು. ಗಾಡಿ ಎಳೆಸುವಷ್ಟರಲ್ಲಿ ಹನ್ನೊಂದೂವರೆ. ಅಲ್ಲಿ ಮುಯ್ಯಾಳಿಗೆ ಬಂದವರು ಕಾಫಿ ಕುಡಿದು, ತಿಂಡಿ ತಿಂದು, ಮತ್ತೆ ಕಾಫಿ ಕುಡಿದು ಮನೆಗೆ ಹೋಗಿದ್ದರು.

ಹೆಂಡತಿ ಫೋನಿನಲ್ಲಿ ಕೇಳಿದಳು, "ಎಂತಾಯ್ತು?"

"ಬ್ರೇಕ್ ಹಿಡೀಲಿಲ್ಲ" ಎಂದೆ.

ಅಷ್ಟೇ ಮಾತು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ನಾನು ಗಾಡಿಯ ಮೇಲೆ ಹೀಗೆ ಸುಳ್ಳು ಹೊರಿಸಿರಲಿಲ್ಲ. ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕಾಯಿತು. ಬ್ರೇಕ್ ನಂಬಲಾಗದ ಗಾಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಆ ಮಳೆಗಾಲವನ್ನು ಬಾಡಿಗೆ ಗಾಡಿಯಲ್ಲಿ ಹೇಗೋ ದೂಡಿ, ದೀಪಾವಳಿ ಕಳೆದ ಮೇಲೆ ಬಿಳಿ ಪಿಕಪ್ಪನ್ನು ಬಾಳೆಗೊನೆ ಸಾಗಿಸುವ ಒಬ್ಬನಿಗೆ ಮಾರಿಬಿಟ್ಟೆ. ಬ್ರೇಕ್ ನೋಡಿಸಿಕೋ ಎಂದು ಅವನಿಗೂ ಎರಡು ಸಲ ಹೇಳಿದೆ.

"ಮುಂದಿನ ಮಳೆಗಾಲದೊಳಗೆ ಒಂದು ಗಾಡಿ ಆಗ್ಬೇಕು" ಎಂದಳು ಹೆಂಡತಿ. "ಬಾಡಿಗೆಯವರು ಎಂಟು ಅಂದ್ರೆ ಒಂಬತ್ತೂವರೆಗೆ ಬರ್ತಾರೆ. ಇನ್ನೊಂದು ವರ್ಷ ಹಿಂಗೇ ಆದ್ರೆ ನನ್ನ ಹತ್ರ ಗಿಡ ಹೇಳೋರು ಯಾರೂ ಇರೋದಿಲ್ಲ."

"ಒಳ್ಳೇದು ನೋಡಿ ತಗಳ್ಳಣ" ಎಂದೆ.

ಹೀಗೆ ನನ್ನ ಪಿಕಪ್ ಶುರುವಾಯಿತು.

ಮೊದಲು ಅದಕ್ಕೆ ಒಂದು ಸದ್ದು ಕೊಟ್ಟೆ. ಹಳೆಯ ಡೀಸೆಲ್ ಎಂಜಿನ್ನು ಬೆಳಗಿನ ಚಳಿಯಲ್ಲಿ ಮೊದಲ ಸಲ ಹೊತ್ತಿಕೊಳ್ಳುವಾಗ ಗಂಟಲು ಸರಿಮಾಡಿಕೊಳ್ಳುತ್ತದಲ್ಲ, ಆ ಸದ್ದು. ಈಗಿನ ಗಾಡಿಗಳಿಗೆ ಅದಿಲ್ಲ, ಅವು ಗುಟ್ಟಾಗಿ ಶುರುವಾಗುತ್ತವೆ. ನನ್ನದು ಹಾಗಾಗಬಾರದು, ಎದ್ದಿದ್ದೇನೆ ಎಂದು ಹೇಳಬೇಕು. ಆಮೇಲೆ ಗೇರು. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಕಾಲು ಎತ್ತಿದರೂ ಒಂದು ಉಸಿರಿನಷ್ಟು ಹೊತ್ತು ತನ್ನ ಪಾಡಿಗೆ ತಾನು ಹೋಗುವ ಎಂಜಿನ್ನು. ಹಿಂದಿನ ಬಾಡಿ ಹೆಂಡತಿಯ ಸೊಂಟದ ಎತ್ತರಕ್ಕೆ, ಗಿಡದ ಟ್ರೇ ಎತ್ತಿಡಲು ಅವಳು ಕೈ ಮೇಲೆತ್ತಬಾರದು. ಬಾಡಿಯ ಒಳಗೆ ಮೂರು ಅಂತಸ್ತಿನ ಕಬ್ಬಿಣದ ಹಲಗೆ. ಮೇಲೆ ನರ್ಸರಿಯದೇ ಹಸಿರು ಬಲೆ, ಗಿಡಗಳಿಗೆ ತಾವು ಮನೆ ಬಿಟ್ಟದ್ದೇ ಗೊತ್ತಾಗಬಾರದು.

ಡಿಸೆಂಬರಿನ ಒಂದು ದಿನ ಟೇಪು ಹಿಡಿದು, ನರ್ಸರಿಯ ಖಾಲಿ ಜಾಗದಲ್ಲಿ ಸುಣ್ಣದ ಪುಡಿಯಿಂದ ಅದರ ಪೂರ್ತಿ ಅಳತೆಯ ಗೆರೆ ಹಾಕಿದೆ. ಕ್ಯಾಬಿನ್ನಿನ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇಟ್ಟೆ. ಹೆಂಡತಿ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು.

"ಇದೆಂತ ಮಾರಾಯ್ರೆ, ಕುಂಟೆಬಿಲ್ಲೆ ಆಡ್ಲಿಕ್ಕಾ?"

"ಹತ್ತು. ಸೀಟಿನ ಎತ್ತರ ಸರಿ ಇದ್ಯಾ ನೋಡಣ."

"ಬಾಗ್ಲು ಎಲ್ಲಿ?"

"ಅಲ್ಲೇ, ನಿನ್ನ ಎಡಕ್ಕೆ."

ಅವಳು ಗೆರೆಯನ್ನು ತುಳಿಯದೆ, ಇಲ್ಲದ ಬಾಗಿಲನ್ನು ತೆಗೆದು ಹತ್ತಿ ಕುಳಿತು, ಬಾಗಿಲು ಹಾಕಿಕೊಂಡಳು. ಅವಳು ಬಾಗಿಲು ಹಾಕಿಕೊಂಡ ರೀತಿಗೆ ನನಗೆ ಆ ಗಾಡಿಯ ಮೇಲೆ ಇನ್ನಷ್ಟು ನಂಬಿಕೆ ಬಂತು.

ಆಮೇಲೆ ಬಹಳ ಮಧ್ಯಾಹ್ನಗಳನ್ನು ನಾವು ಅದರಲ್ಲಿ ಕಳೆದೆವು. ಬಲೆಯ ಮೂಲಕ ಸೋಸಿ ಬಿದ್ದ ಹಸಿರು ಬೆಳಕಿನಲ್ಲಿ ನಾನು ಕೊಪ್ಪ ಬಸ್ ಸ್ಟ್ಯಾಂಡ್ ದಾಟಿಸಿ ನರಸಿಂಹರಾಜಪುರದ ದಾರಿ ಹಿಡಿಯುತ್ತಿದ್ದೆ. ಅದು ಅವಳ ತವರಿನ ದಾರಿ. ಎದುರಿಗೆ ಯಾರೂ ಬರುತ್ತಿರಲಿಲ್ಲ. ಕಾಡು ತೆಳುವಾಗಿ, ಮರಗಳ ನಡುವೆ ಭದ್ರಾ ಹಿನ್ನೀರು ತಟ್ಟೆಯಲ್ಲಿಟ್ಟ ಹಾಗೆ ಕಾಣಿಸಿಕೊಳ್ಳುತ್ತಿತ್ತು. ದಡದಲ್ಲಿ ಎಂಜಿನ್ನು ನಿಲ್ಲಿಸಿದರೆ ಅದರ ಬಿಸಿ ಕಾಲಿಗೆ ತಾಗುವುದು, ಡೀಸೆಲಿನ ವಾಸನೆಗೆ ನೀರಿನ ವಾಸನೆ ಸೇರುವುದು. ಅವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು, "ನಮ್ಮಪ್ಪನ ಜೀಪನ್ನ ನಾನು ಇಲ್ಲೇ ತಿರುಗಿಸ್ತಿದ್ದೆ." ಮದುವೆಗೆ ಮೊದಲು ಅವಳು ತಂದೆಯ ಕಾಫಿ ತೋಟದೊಳಗೆ ಜೀಪು ಓಡಿಸುತ್ತಿದ್ದಳು. ನನಗೆ ಅದು ಗೊತ್ತಿತ್ತು. ಮದುವೆಯಾದ ಮೇಲೆ ಒಂದು ದಿನವೂ ಅವಳ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ, ನನಗೂ ತೋಚಿರಲಿಲ್ಲ.

ಒಮ್ಮೊಮ್ಮೆ ಶೃಂಗೇರಿಯ ಕಡೆ ಹೋಗುತ್ತಿದ್ದೆವು. ತುಂಗೆ ರಸ್ತೆಯ ಜೊತೆಗೇ ಬರುತ್ತಿದ್ದಳು. "ಸ್ವಲ್ಪ ನಿಧಾನ, ಬಸ್ಸಲ್ಲ ಇದು" ಎನ್ನುತ್ತಿದ್ದಳು ಹೆಂಡತಿ. ನಾನು ನಿಜವಾಗಿಯೂ ಕಾಲು ಎತ್ತುತ್ತಿದ್ದೆ.

ಆದರೆ ನಿಜವಾದ ಗಾಡಿ ನೋಡಲು ಕರೆದಾಗಲೆಲ್ಲ ನನಗೆ ಏನಾದರೊಂದು ಕುಂದು ಕಾಣುತ್ತಿತ್ತು. ಕೊಪ್ಪದಲ್ಲಿ ಮೂರು ನೋಡಿದೆವು, ಶೃಂಗೇರಿಯಲ್ಲಿ ಒಂದು. ಒಂದರ ಮುಂದಿನ ಗ್ಲಾಸು ಸಣ್ಣದು. ಒಂದರ ಗ್ಲಾಸಿನ ಪಕ್ಕದ ಕಂಬ ದಪ್ಪ. ಇನ್ನೊಂದರ ಕನ್ನಡಿ ಚಿಕ್ಕದು. ಮಾರುವವರು "ಒಂದು ರೌಂಡು ಓಡ್ಸಿ ನೋಡಿ ಯಜಮಾನ್ರೆ" ಎಂದರೆ, ನಾನು ಬಾನೆಟ್ಟು ತೆಗೆಸಿ ಎಂಜಿನ್ನು ನೋಡಿ, ಟಯರು ಒತ್ತಿ, ಇನ್ನೊಂದು ದಿನ ಬರುತ್ತೇನೆ ಎಂದು ಹೊರಡುತ್ತಿದ್ದೆ. ಮನೆಗೆ ಬಂದು ಹಳೆಯ ಡೈರಿಯೊಂದರಲ್ಲಿ ನನ್ನ ಪಿಕಪ್ಪಿಗೆ ಇನ್ನೊಂದು ಗುಣ ಬರೆಯುತ್ತಿದ್ದೆ. ಗಾಡಿ ಬೆಳೆಯುತ್ತಾ ಹೋಯಿತು. ಅದು ಪೂರ್ತಿಯಾಗದಷ್ಟು ದಿನ ನಾನು ಯಾವುದನ್ನೂ ಓಡಿಸಬೇಕಾಗಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮೂರು ಗಂಟೆಗೆ ಸರಿಯಾಗಿ ಹೋಗಿ ಕೂರುತ್ತಿದ್ದೆ. ಹೊರಗೆ ಮಾವು ಹೂ ಬಿಟ್ಟಿತು, ಮೆಣಸು ಕೊಯ್ದರು, ತೊಟ್ಟೆಗಳಲ್ಲಿ ಹೊಸ ಬಳ್ಳಿ ನಾಲ್ಕು ಎಲೆಗೆ ಬಂತು. ಮಳೆಗಾಲಕ್ಕೆ ಮೂರು ತಿಂಗಳಿತ್ತು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಬಾಳೆಗೊನೆಯವನು ನಮ್ಮ ಬಿಳಿ ಪಿಕಪ್ಪಿನಲ್ಲೇ ಬಂದ. ಅವನಿಗೆ ಐವತ್ತು ಕಾಫಿ ಗಿಡ ಬೇಕಿತ್ತು. ಹೆಂಡತಿ ಎಣಿಸಿ ಕೊಡುತ್ತಿದ್ದಳು, ನಾನು ಪೈಪು ಹಿಡಿದು ನಿಂತಿದ್ದೆ.

"ಗಾಡಿ ಹೆಂಗಿದೆ ಮಾರಾಯ?" ಎಂದು ಅವಳೇ ಕೇಳಿದಳು.

"ಏ, ಬಂಗಾರದಂಥ ಗಾಡಿ ಅಕ್ಕ."

"ಬ್ರೇಕು?"

"ನೀವು ಹೇಳಿದ್ರಿ ಅಂತ ನಾಲ್ಕೂ ಚಕ್ರ ಬಿಚ್ಚಿಸ್ದೆ. ಮೆಕ್ಯಾನಿಕ್ ನನ್ಗೇ ಬೈದ, ಸರಿ ಇರೋದನ್ನ ಎಂತಕ್ಕೆ ಬಿಚ್ಚಿಸ್ತೀಯ ಅಂತ." ನನ್ನ ಕಡೆ ತಿರುಗಿ ನಕ್ಕ. "ಡ್ರೈವರಣ್ಣ ಭಾರಿ ಹುಷಾರು. ಹೆದರ್ಸಿ ಕೊಟ್ರೆ ನಿಧಾನ ಓಡಿಸ್ತಾನೆ ಅಂತ ಅಲ್ದಾ?"

ನಾನೂ ನಕ್ಕೆ. ಹೆಂಡತಿ ನಗಲಿಲ್ಲ. ನಲವತ್ತೆರಡು, ನಲವತ್ತಮೂರು ಎಂದು ಎಣಿಸುತ್ತಾ ಹೋದಳು.

ಅವನು ಹೋದ ಮೇಲೆ ಅವಳು ಊಟ ಬಡಿಸಿದಳು. ಮೂರು ಗಂಟೆಗೆ ನಾನು ಕುರ್ಚಿಯಲ್ಲಿ ಕುಳಿತಿದ್ದಾಗ ಡೈರಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಅವಳು ಅದನ್ನು ಓದುತ್ತಾಳೆಂದು ನಾನು ಎಣಿಸಿರಲಿಲ್ಲ. ಅದರಲ್ಲಿ ಗುಟ್ಟೇನೂ ಇರಲಿಲ್ಲ, ಗಾಡಿಯ ವಿಷಯವಷ್ಟೇ.

ಗಟ್ಟಿಯಾಗಿ ಓದಿದಳು. "ಮುಂದಿನ ಗ್ಲಾಸು ಈ ಬದಿಯಿಂದ ಆ ಬದಿವರೆಗೆ ಒಂದೇ ಆಗಿರಬೇಕು. ಎಡಗಡೆ ಕಂಬ ಹೆಬ್ಬೆರಳಿಗಿಂತ ದಪ್ಪ ಇರಬಾರದು. ಎಡಗಡೆ ಎರಡು ಕನ್ನಡಿ ಬೇಕು, ಒಂದು ದೊಡ್ಡದು, ಒಂದು ಉಬ್ಬಿದ್ದು. ಎಡಗಡೆ ಬಾಗಿಲಿಗೆ ಕೆಳಗಿನವರೆಗೂ ಗಾಜು. ಎಡಗಡೆ ಯಾರಾದರೂ ಹತ್ತಿರ ಬಂದರೆ ಗಂಟೆ ಬಾರಿಸಬೇಕು." ಪುಟ ತಿರುಗಿಸಿದಳು. "ಬಲಗಡೆಗೆ ಎಂತದೂ ಬರ್ದಿಲ್ಲ."

ಡೈರಿ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಇದು ಗಾಡಿಗೆ ಬೇಕಾದ್ದಾ, ನಿಮ್ಮ ಕಣ್ಣಿಗೆ ಬೇಕಾದ್ದಾ?"

ಮೂವತ್ತೊಂದು ವರ್ಷ ಜನರನ್ನು ಹೊತ್ತುಕೊಂಡು ಹೋದವನಿಗೆ ಆ ಪ್ರಶ್ನೆಗೆ ಉತ್ತರ ಹೇಳುವುದು ಬಹಳ ಕಷ್ಟವಾಯಿತು. ಆದರೂ ಹೇಳಿದೆ. ಧೂಪದ ಮರ ಹೇಳಿದೆ, ಕಾದದ್ದು ಹೇಳಿದೆ, ಎಷ್ಟು ವರ್ಷದಿಂದ ಹೀಗಿದೆ ಎಂಬುದನ್ನೂ ಹೇಳಿದೆ. ಬಸ್ಸಿನಲ್ಲಿದ್ದಾಗ ಇರಲಿಲ್ಲ ಎಂದೆ. ಅದು ಸತ್ಯ. ಅವಳು ನಂಬಿದಳೋ ಇಲ್ಲವೋ ಕೇಳಲಿಲ್ಲ.

ಅವಳು ಡೈರಿಯನ್ನು ನನ್ನ ಕೈಗೆ ಕೊಟ್ಟಳು. "ಮೇಗುಂದದ ಆ ಮನೆಯ ಅಕ್ಕನ ಹತ್ರ ನಾನು ನಿಂತ್ಕಂಡು ಹೇಳಿದೀನಿ. ನಮ್ಮನೆಯೋರು ಗಾಡಿ ವಿಷಯದಲ್ಲಿ ತಪ್ಪು ಮಾಡೋರಲ್ಲ, ಬ್ರೇಕೇ ಕೈ ಕೊಡ್ತು ಅಂತ. ಅವ್ರು ನನ್ನ ಮುಖ ನೋಡಿ ನಂಬಿದ್ರು. ಈಗ ನೀವೇ ಹೋಗಿ ಹೇಳ್ಬೇಕು."

"ಹೇಳ್ತೀನಿ."

"ಫೋನಲ್ಲಲ್ಲ."

"ಅಲ್ಲ."

ಮರುದಿನ ಎಂಟು ಹತ್ತರ ಬಸ್ಸಿಗೆ ಹೋದೆ. ಆ ಮನೆಯ ಯಜಮಾನರು ನನಗಿಂತ ಎರಡು ವರ್ಷ ದೊಡ್ಡವರು, ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಿಂತೇ ಹೇಳಿದೆ. ಕುಳಿತರೆ ಹೇಳಲಾಗುವುದಿಲ್ಲ ಎನಿಸಿತ್ತು. ಅವರು ಎಲೆ ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ನಿಮ್ಮ ಬಸ್ಸಲ್ಲಿ ಎಷ್ಟು ವರ್ಷ ಕೊಪ್ಪಕ್ಕೆ ಹೋಗಿದೀನಿ. ಆವಾಗ್ಲೂ ಮರ ಎಣಿಸ್ಕಂಡೇ ಬಸ್ಸು ಬಿಡ್ತಿದ್ರಾ ಮಾರಾಯ್ರೆ?"

"ಆವಾಗ ಕಣ್ಣೂ ಇತ್ತು, ಮರಾನೂ ಇತ್ತು."

ಅವರು ನಕ್ಕರು. ಒಳಗಿನಿಂದ ಅವರ ಹೆಂಡತಿ ಮಾತ್ರ ನಗದೆ ಕೇಳಿದರು, "ಈ ಸಲ ಗಿಡ ಯಾರು ತರ್ತಾರೆ? ಅದು ಹೇಳಿ. ನಂಗೆ ಇನ್ನೂರು ಬೇಕು. ಆದ್ರೆ ಹೋದ ವರ್ಷದ ಹಾಗೆ ಇಡೀ ಊರಿಗೆ ಬಿಟ್ಟಿ ಕಾಫಿ ಕಾಸಕ್ಕೆ ನನ್ನಿಂದ ಆಗಲ್ಲ."

ವಿಚಾರಿಸಿ ಹೇಳುತ್ತೇನೆ ಎಂದು ಬಂದೆ.

ಆ ವಾರವೇ ಕಣ್ಣಿನ ಡಾಕ್ಟರಲ್ಲಿಗೆ ಹೋದೆವು. ಅವರು ಗದ್ದ ಊರಿಸಿ, ಒಂದೊಂದೇ ಕಣ್ಣಿಗೆ ಬೆಳಕಿನ ಚುಕ್ಕೆ ತೋರಿಸಿ, ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಶಿಸ್ತಾಗಿ ಒತ್ತಿದೆ. ಎಡಗಡೆಯ ಚುಕ್ಕೆಗಳು ನನ್ನ ಪಾಲಿಗೆ ಬರಲೇ ಇಲ್ಲ. ಕಣ್ಣಿನ ಒತ್ತಡದಿಂದ ನರ ಸೊರಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ದಿನಕ್ಕೆರಡು ಸಲ ಔಷಧಿ ಬಿಟ್ಟು ಉಳಿಸಿಕೊಳ್ಳಬಹುದು ಎಂದರು. ಗಾಡಿ ಓಡಿಸುವ ಮಾತನ್ನು ನಾನು ಎತ್ತಲಿಲ್ಲ, ಅವರೇ ಎತ್ತಿದರು. ಬೇಡ ಎಂದರು. ಬಸ್ ಸ್ಟ್ಯಾಂಡಿಗೆ ಬರುವವರೆಗೆ ಹೆಂಡತಿ ನನ್ನ ಎಡಗಡೆಯೇ ನಡೆದಳು. ಮೊದಲು ಯಾವತ್ತೂ ಹಾಗೆ ನಡೆದವಳಲ್ಲ.

ಬಸ್ಸಿಗೆ ಕಾಯುವಾಗ, ಎದುರಿನ ಅಂಗಡಿಯ ಬೋರ್ಡು ನೋಡುತ್ತಾ ಅವಳು ಹೇಳಿದಳು, "ನಾನು ಕಲೀತೀನಿ."

"ಐವತ್ತೆಂಟು ವರ್ಷಕ್ಕಾ?"

"ಜೀಪು ಓಡ್ಸಿದ ಕಾಲು, ಕ್ಲಚ್ ಮರ್ತಿರಲ್ಲ."

ಆಮೇಲೆ ನಾಲ್ಕು ದಿನ ಮಧ್ಯಾಹ್ನ ಮೂರು ಗಂಟೆಗೆ ನಾನು ಏನೂ ಕಟ್ಟಲಿಲ್ಲ. ಐದನೆಯ ದಿನ ಅವಳ ಜೊತೆ ಲೈಸೆನ್ಸಿನ ಅರ್ಜಿ ಬರೆಯಲು ಕುಳಿತೆ.

ಅವಳು ಡ್ರೈವಿಂಗ್ ಶಾಲೆಗೆ ಸೇರಿದಳು. ಕಾರಿನಲ್ಲಿ ಕಲಿಸಿದರು. ಮನೆಗೆ ಬಂದು, ಆ ಮೇಷ್ಟ್ರು ಗೇರು ಬದಲಿಸುವಾಗ ಕೈ ಮೇಲೆ ಕೈ ಇಡುತ್ತಾನೆ, ಬೈದು ತೆಗೆಸಿದೆ ಎನ್ನುತ್ತಿದ್ದಳು. ನಾನು ನೀರು, ಆಯಿಲ್, ಗಾಳಿ, ಲೈಟು ಹೇಳಿಕೊಟ್ಟೆ. ಅವಳು ಲೈಟಿನಿಂದ ಶುರುಮಾಡುತ್ತಾಳೆ. ತಿದ್ದಲು ಹೋಗಿ ಬಿಟ್ಟುಬಿಟ್ಟೆ. ಮೇ ತಿಂಗಳಲ್ಲಿ ಪರೀಕ್ಷೆ. ಎಂಟರ ಆಕಾರದ ದಾರಿಯಲ್ಲಿ ಗಾಡಿ ಒಂದು ಸಲ ನಿಂತುಹೋಯಿತು, ಎರಡನೇ ಸಲ ಸರಿಯಾಯಿತು. ಲೈಸೆನ್ಸು ಕೈಗೆ ಬಂದ ದಿನ ಅವಳು ಅದನ್ನು ಗಿಡಗಳ ನಡುವೆ ನಿಂತು ಎರಡು ಸಲ ಓದಿದಳು.

ಕೊನೆಗೆ ಕೊಂಡ ಗಾಡಿ ಕೊಪ್ಪದ್ದೇ, ಹಳೆಯದು, ಕಂದು ಬಣ್ಣದ್ದು. ನಾನು ಮನಸ್ಸಿನಲ್ಲಿ ಕಟ್ಟಿದ್ದಕ್ಕೆ ಅದು ಹತ್ತಿರವೂ ಬರುವುದಿಲ್ಲ. ಕಂಬ ದಪ್ಪ, ಬಾಡಿ ಎತ್ತರ, ಎಂಜಿನ್ನು ಶುರುವಾದಾಗ ಸೀನಿದ ಹಾಗೆ ಸದ್ದು. ಆರಿಸಿದವಳು ಅವಳು. ಸೀಟು ಮುಂದಕ್ಕೆ ಎಳೆದು ಕುಳಿತು, ಒಂದು ರೌಂಡು ಓಡಿಸಿ ಬಂದು, "ಇದು ಸಾಕು" ಎಂದಳು. ಅಷ್ಟು ಬೇಗ ಗಾಡಿ ಒಪ್ಪಿದವರನ್ನು ನಾನು ನೋಡಿರಲಿಲ್ಲ.

ಜೂನಿನ ಎರಡನೇ ವಾರ ಮಳೆ ಹದಕ್ಕೆ ಬಂತು. ಮೊದಲ ಕರೆ ನರಸಿಂಹರಾಜಪುರದ ಕಡೆಯ ಒಂದು ಮನೆಯಿಂದ. ಮುನ್ನೂರು ಗಿಡ, ಹದಿನೆಂಟು ಜನ ಮುಯ್ಯಾಳು, ಎಂಟು ಗಂಟೆ. ಆರು ಗಂಟೆಗೇ ಹೊರಟೆವು. ನಾನು ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ಗಿಡದ ಒಂದು ಟ್ರೇ, ಏಕೆಂದರೆ ಹಿಂದೆ ಜಾಗ ಸಾಲಲಿಲ್ಲ. ಎರಡು ಸಲ "ಮೂರನೇ ಗೇರು" ಎಂದೆ. ಎರಡು ಸಲವೂ ಅವಳು ಆಗಲೇ ಹಾಕಿಯಾಗಿತ್ತು. ಮೂರನೇ ಸಲ ಬಾಯಿ ಮುಚ್ಚಿಕೊಂಡೆ.

ಒಂದು ಕವಲು ದಾರಿ ರಸ್ತೆಗೆ ಸೇರುವಲ್ಲಿ ಅವಳು ಗಾಡಿ ನಿಧಾನಿಸಿದಳು. ದಪ್ಪ ಕಂಬ ಅವಳ ನೋಟಕ್ಕೆ ಅಡ್ಡವಾಗಿತ್ತು.

"ಎಡಗಡೆ ಯಾರಾದ್ರೂ ಬರ್ತಾ ಇದಾರಾ ನೋಡಿ."

ಅವಳು ಮರೆತು ಕೇಳಿದಳೋ, ನೆನಪಿದ್ದೂ ಕೇಳಿದಳೋ ತಿಳಿಯಲಿಲ್ಲ. "ತಡಿ" ಎಂದೆ. ಬಸ್ಸಿನಲ್ಲಿ ನಾನು ಕುತ್ತಿಗೆ ತಿರುಗಿಸಿದವನಲ್ಲ, ಕಣ್ಣಷ್ಟೇ ತಿರುಗಿಸಿದವನು. ಈಗ ಭುಜ ಸಮೇತ ತಿರುಗಿ, ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಎಡಗಡೆಯನ್ನು ನೇರ ಎದುರಿಗೆ ತಂದುಕೊಂಡು ನೋಡಿದೆ. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ಹೊರೆಯಿಂದ ಅವಳ ಮುಖ ಮುಚ್ಚಿಹೋಗಿತ್ತು, ಅವಳಿಗೆ ನಾವು ಕಾಣುವಂತಿರಲಿಲ್ಲ.

"ನಿಲ್ಸು" ಎಂದೆ.

ಬ್ರೇಕ್ ಹಿಡಿಯಿತು. ಹೆಂಗಸು ನಮ್ಮ ಮುಂದಿನಿಂದಲೇ, ಅವಸರವಿಲ್ಲದೆ, ರಸ್ತೆ ದಾಟಿದಳು. ಅವಳು ಆಚೆ ಬದಿ ಮುಟ್ಟುವವರೆಗೆ ನೋಡಿದೆ. ಮತ್ತೊಮ್ಮೆ ಪೂರ್ತಿ ಎಡಕ್ಕೆ ತಿರುಗಿ ಖಚಿತ ಮಾಡಿಕೊಂಡೆ.

"ಈಗ ಯಾರೂ ಇಲ್ಲ. ಹೋಗು" ಎಂದೆ. ಅವಳು ಹೋದಳು.